ಜೀಪಿನ ಓವರ್‌ಡ್ರೈವ್ ಬಿಚ್ಚಿಸಿದ ದಿನ

ನಮ್ಮ ಹಳೇ ಫೋರ್ ವೀಲ್ ಜೀಪಿನ ಓವರ್‌ಡ್ರೈವ್ ಬಿಚ್ಚಿಸಲು ಕೋಲಾರದ ಗ್ಯಾರೇಜಿಗೆ ಹೊರಟ ದಿನ ನನ್ನ ಗಂಡ ಬೆಳಗಿನಿಂದಲೇ ಮಂಕಾಗಿದ್ದರು. ಅದರಿಂದ ಆಯಿಲ್ ಸೋರುತ್ತಿತ್ತು, ಗೊರಗೊರ ಸದ್ದು ಬೇರೆ. "ಸೋರ್ಲಿ ಬಿಡೇ, ಓಡ್ತಿದೆಯಲ್ಲ" ಎಂದು ಅಡ್ಡಗಾಲು ಹಾಕಿದರು. ನಾನು ಕೇಳಲಿಲ್ಲ. ಆ ಜೀಪು ಓಡಿಸುವವಳು ನಾನು. ಹೋಳೂರಿನಿಂದ ಟೊಮೆಟೊ ಕ್ರೇಟು ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವವಳೂ ನಾನೇ. ಅವರದು ಪಕ್ಕದ ಸೀಟು.

ಓವರ್‌ಡ್ರೈವ್ ಜೀಪಿನ ಜೊತೆ ಬಂದದ್ದಲ್ಲ. ಗೇರ್ ಬಾಕ್ಸಿನ ಹಿಂದೆ ನನ್ನ ಹಟಕ್ಕೆ ಹಾಕಿಸಿದ ಪುಟ್ಟ ಪೆಟ್ಟಿಗೆ. ಲಿವರ್ ಎಳೆದರೆ ಎಂಜಿನ್ ಮೊದಲಿನಷ್ಟೇ ತಿರುಗಿದರೂ ಜೀಪು ಇನ್ನೂ ಜೋರಾಗಿ ಓಡುತ್ತದೆ. ಮುಳಬಾಗಿಲು ಹೈವೇಯಲ್ಲಿ ಅದನ್ನು ಎಳೆಯುವಾಗ ನನ್ನ ಗತ್ತೇ ಗತ್ತು. "ನೋಡಿ, ಹೇಗೆ ಹಾರ್ತಿದೆ" ಎಂದರೆ ಅವರು "ಹೌದು ಕಣೇ, ನಿನ್ನಂಗೆ ಯಾರೂ ಓಡಿಸಲ್ಲ" ಎನ್ನುತ್ತಿದ್ದರು. ಹೆಂಗಸು ಜೀಪು ಓಡಿಸುತ್ತಾಳೆಂದು ಜನ ಆಡಿಕೊಳ್ಳುತ್ತಿದ್ದಾಗ ಆ ಒಂದು ಮಾತನ್ನೇ ನಂಬಿಕೊಂಡು ನಾನು ಸ್ಟೇರಿಂಗ್ ಹಿಡಿದಿದ್ದೆ.

ಮೆಕ್ಯಾನಿಕ್ ಸಾಬರು ಪೆಟ್ಟಿಗೆ ಬಿಚ್ಚಿ ಗೋಣಿಚೀಲದ ಮೇಲಿಟ್ಟು ಮುಚ್ಚಳ ತೆಗೆದರು. ನಾನು ಬಗ್ಗಿ ನೋಡಿದೆ. ಲಿವರ್ ಆಡಿಸಿದರೆ ಒಳಗೆ ಬರೀ ಒಂದು ಸರಳು ಹಿಂದೆ ಮುಂದೆ ಹೋಗುತ್ತಿತ್ತು. ಗೇರು ಕೂತಲ್ಲೇ ಕೂತಿತ್ತು.

"ಗೇರು ತಳ್ಳೋ ಫೋರ್ಕ್ ಎಲ್ಲಿ ಸಾಬ್ರೇ? ಮುರಿದುಹೋಯ್ತಾ?"

ಸಾಬರು ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ರಸ್ತೆ ನೋಡಿದರು.

"ಮುರಿದಿಲ್ಲ ಅಕ್ಕಾ. ನಾನೇ ತೆಗೆದಿದ್ದು. ಅಣ್ಣ ಹೇಳಿದ್ರು."

"ಯಾವಾಗ?"

"ಹಾಕಿದ ವರ್ಷಾನೇ."

ನಾನು ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕೂತೆ. ಆ ವರ್ಷ ಸರ್ವೀಸಿಗೆಂದು ನನ್ನನ್ನು ಬಿಟ್ಟು ಇವರು ಓಡಿಸಲು ಬೇರೆ ಯಾರನ್ನೋ ಕರೆದುಕೊಂಡು ಜೀಪು ಇಲ್ಲಿಗೆ ತಂದಿದ್ದರು. ವಾಪಸ್ ಬಂದ ಮೇಲೆ "ಈಗ ಲಿವರ್ ಎಷ್ಟು ನುಣ್ಣಗೆ ಬೀಳುತ್ತೆ ನೋಡಿ" ಎಂದು ಹೊಗಳಿದವಳೂ ನಾನೇ. ನುಣ್ಣಗೆ ಬೀಳದೆ ಇನ್ನೇನು, ಒಳಗೆ ಮಣ್ಣೂ ಇರಲಿಲ್ಲವಲ್ಲ! ಅಷ್ಟು ವರ್ಷ ನಾನು ಎಳೆದದ್ದು ಬರೀ ಗಾಳಿಯನ್ನು. ಪಕ್ಕದಲ್ಲಿ ಕೂತು ಇವರು ಹೌದು ಹೌದು ಎಂದಿದ್ದರು.

"ನನ್ನ ಕಿವಿ ಮೇಲೆ ಹೂವಿಟ್ರಲ್ಲ, ನಾನೇನು ಪೆದ್ದೀನಾ? ನಿಂಗೆ ಓಡಿಸಕ್ಕೆ ಬರಲ್ಲ ಅಂತ ಬಾಯಿಬಿಟ್ಟು ಹೇಳಬಹುದಿತ್ತು."

"ಪೋನೀಲೇ" ಎಂದರು, ಹೋಗಲಿ ಬಿಡು ಎನ್ನುವಂತೆ. ಸಿಕ್ಕಿಬಿದ್ದಾಗಲೆಲ್ಲ ಇವರಿಗೆ ತೆಲುಗು ನೆನಪಾಗುತ್ತದೆ.

ಓವರ್‌ಡ್ರೈವ್ ಇದ್ದ ಜಾಗಕ್ಕೆ ಸಾಬರು ಜೀಪಿನ ಮೊದಲಿನ ಗೇರು ಕೂರಿಸಿ, ಮುಚ್ಚುವ ಪ್ಲೇಟು ಬಿಗಿದು ಕೊಟ್ಟರು. ಶ್ರೀನಿವಾಸಪುರ ರಸ್ತೆ ಹಿಡಿದೆ. ಇವರು ಹೊಗಳಿದ್ದೆಲ್ಲ ಸುಳ್ಳಾದರೆ ಇನ್ನು ಯಾವ ಮುಖ ಇಟ್ಟುಕೊಂಡು ಈ ಜೀಪು ಓಡಿಸಲಿ ಎಂದು ಕುದಿಯುತ್ತಿದ್ದೆ. ಸಿಟ್ಟನ್ನೆಲ್ಲ ಕಾಲಿಗಿಳಿಸಿ ಆಕ್ಸಿಲರೇಟರ್ ಒತ್ತಿದೆ. ಊರು ಇನ್ನೂ ದೂರವಿರುವಾಗಲೇ ಗಕ್ಕನೆ ನಿಲ್ಲಿಸಿ ಹೇಳಿದೆ: "ಇಳೀರಿ. ಬಸ್ಸಲ್ಲಿ ಬನ್ನಿ."

ಇಳಿದರು. ಜೀಪಿನ ಕಂಬಿ ಮಾತ್ರ ಬಿಡಲಿಲ್ಲ.

"ನೀನು ಚೆನ್ನಾಗೇ ಓಡಿಸ್ತೀಯ. ನಂಗೇ ಸ್ಪೀಡಂದ್ರೆ ಭಯ ಕಣೇ. ಮೊದಲಿಂದ್ಲೂ. ಅದಕ್ಕೇ ಸ್ಟೇರಿಂಗ್ ಮುಟ್ಟಲ್ಲ."

ಹೆಂಡತಿಗೆ ಜೀಪು ಬಿಟ್ಟುಕೊಟ್ಟ ದೊಡ್ಡ ಮನುಷ್ಯ ಎಂದು ಊರು ಇವರನ್ನು ಹೊಗಳಿತ್ತು. ನಾನೂ ಹಾಗೇ ತಿಳಿದಿದ್ದೆ. ಗ್ಯಾರೇಜಿನಲ್ಲಿ ಆದದ್ದಕ್ಕಿಂತ ಇದು ದೊಡ್ಡ ಪೆಟ್ಟು. ಭಯ ಎಂಬ ಮಾತು ಇವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಅಷ್ಟು ಭಯ ಇದ್ದೋರು ದಿನಾ ನನ್ನ ಪಕ್ಕ ಬಂದು ಯಾಕೆ ಕೂತ್ಕೊತಿದ್ರಿ?" ಎಂದೆ.

"ಇಲ್ಲಾಂದ್ರೆ ನೀನೊಬ್ಳೇ ಹೋಗ್ತೀಯಲ್ಲೇ" ಎಂದರು.