ಮರುದಿನ ಬಂದ ಮುಚ್ಚಳ

2022ರಲ್ಲಿ ನಾನು ಬೊಮ್ಮಸಂದ್ರದ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ವಾರ್ಷಿಕ ಸಂಚಿಕೆಯ ಸಂಪಾದಕನೂ ನಾನೇ. ಕತೆಯ ರಚನೆ ಕಲಿಸುವಾಗ ಒಂದೇ ಕತೆಗೆ ಮೂರು ಕೊನೆ ಬರೆಸುತ್ತಿದ್ದೆ. ಕೊನೆ ಬದಲಾದರೆ ಮೊದಲ ಪುಟದ ಅರ್ಥವೂ ಬದಲಾಗುತ್ತದೆ ಎಂಬುದು ಪಾಠ.

"ಮದುವೆ ಮಾಡ್ಸಿಬಿಡಿ ಸಾರ್, ಎಲ್ರಿಗೂ ಖುಷಿ," ಎಂದು ಹಿಂದಿನ ಬೆಂಚಿನವರು ಕೂಗುತ್ತಿದ್ದರು.

ರೇಣುಕಾ ಮಾತ್ರ ಒಂದೇ ಕೊನೆ ಬರೆದು ತಂದಳು. ಬೊಮ್ಮಸಂದ್ರದ್ದೇ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರಕ್ಕೆ ಹೆಂಗಸೊಬ್ಬಳ ಎರಡು ಬೆರಳು ಸಿಕ್ಕುತ್ತವೆ. ಕೈ ಒಳಹೋಗದಂತೆ ತಡೆಯುವ ಮುಚ್ಚಳವನ್ನು ಕೆಲಸ ಬೇಗ ಸಾಗಲೆಂದು ಸೂಪರ್‌ವೈಸರ್ ತೆಗೆಸಿರುತ್ತಾನೆ. ಕೊನೆಯ ಸಾಲು: 'ಮರುದಿನ ಬೆಳಿಗ್ಗೆ ಯಂತ್ರಕ್ಕೆ ಮುಚ್ಚಳ ಬಂತು.'

"ಇಲ್ಲಿಗೇ ನಿಲ್ಸಿದ್ರೆ ಬರೀ ಸಿಟ್ಟು ಉಳ್ಯುತ್ತೆ ಕಣಮ್ಮ. ಪಾತ್ರ ಬೆಳೀಬೇಕು," ಎಂದೆ. ಸಂಚಿಕೆಯ ಹಿಂಬದಿಯಲ್ಲಿ ಪ್ರತಿವರ್ಷ ಅದೇ ಕಾರ್ಖಾನೆಯ ಜಾಹೀರಾತು ಇರುತ್ತಿತ್ತು. ಆಗ ಅದು ನನ್ನ ತಲೆಯಲ್ಲಿತ್ತೇ? ಇರಲಿಲ್ಲವೆಂದೇ ನೆನಪು, ಆ ನೆನಪನ್ನು ನಾನು ನಂಬುವುದಿಲ್ಲ. ಹೊಸ ಕೊನೆಯನ್ನು ನಾನೇ ಬರೆದೆ. ಹೆಂಗಸು ಕೆಲಸಕ್ಕೆ ಮರಳಿ, 'ತಪ್ಪು ನನ್ನದೇ, ಎಚ್ಚರ ತಪ್ಪಿದ್ದೆ' ಎನ್ನುತ್ತಾಳೆ, ಸೂಪರ್‌ವೈಸರ್ ಕಣ್ಣೊರೆಸಿಕೊಳ್ಳುತ್ತಾನೆ. ಕತೆ ರೇಣುಕಾಳ ಹೆಸರಿನಲ್ಲಿ ಅಚ್ಚಾಯಿತು.

ಅದು ಅವಳ ತಾಯಿ ಶಾಂತವ್ವನ ಕತೆಯೆಂದು ನನಗೆ ಆಮೇಲೆ ತಿಳಿಯಿತು ಎಂದು ಬಹಳ ದಿನ ಹೇಳಿಕೊಂಡೆ. ಆದರೆ ಅವಳ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ 'ಅವ್ವನ ಕೈಗೆ' ಎಂದಿತ್ತು.

ಕಾಲೇಜು ದಿನದ ಅತಿಥಿ ಆ ಕಾರ್ಖಾನೆಯ ಎಚ್.ಆರ್. ಮ್ಯಾನೇಜರ್. ಅವರು ನನ್ನ ಕೊನೆಯನ್ನು ವೇದಿಕೆಯಲ್ಲಿ ಓದಿದರು. ಚಪ್ಪಾಳೆ ಬಿತ್ತು. ಮುಂದಿನ ವಾರ ಆ ಅಪಘಾತದ ಬಗ್ಗೆ ಶಾಂತವ್ವನ ಮೇಲೆ ಕಾರ್ಖಾನೆ ನಡೆಸಿದ ವಿಚಾರಣೆಯಲ್ಲಿ ಅದೇ ಪುಟವನ್ನು ಮೇಜಿನ ಮೇಲಿಟ್ಟರಂತೆ: "ನಿಮ್ಮ ಮಗಳೇ ಬರ್ದಿದ್ದಾಳಲ್ಲಮ್ಮ." ಅಜಾಗರೂಕತೆ ಎಂದು ಬರೆದು ಕೆಲಸದಿಂದ ತೆಗೆದರು.

ಕೊನೆ ನನ್ನದೆಂದು ಪತ್ರ ಬರೆದು ಕೊಂಡೊಯ್ದೆ. ಮ್ಯಾನೇಜರ್ ನಕ್ಕರು. "ಅದು ಕತೆ ಸಾರ್, ನಮ್ಗೆ ಗೊತ್ತಿಲ್ವಾ? ಅದಕ್ಕೂ ಇದಕ್ಕೂ ಏನ್ ಸಂಬಂಧ?"

ರೇಣುಕಾ ಕಾಲೇಜು ಬಿಡುವ ಮುನ್ನ ಕೇಳಿದ್ದು ಒಂದೇ. "ಆ ಸಾಲು ನೀವು ಬರದದ್ದು ಅಂತ ಅವ್ವಗ ನೀವೇ ಹೇಳ್ರಿ ಸರ್. ನಾ ಹೇಳಿದ್ರ ನಂಬವಲ್ಲಳು."

ಅವರ ಬಾಡಿಗೆ ಕೋಣೆಗೆ ಹೋಗಿ ಹೇಳಿದೆ. ಶಾಂತವ್ವ ಪೂರ್ತಿ ಕೇಳಿಸಿಕೊಂಡು, ಉಳಿದ ಮೂರು ಬೆರಳಿನಲ್ಲಿ ಸಂಚಿಕೆಯನ್ನು ನನ್ನ ಕಡೆ ತಳ್ಳಿದರು.

"ಮತ್ತ ಹೆಸರು ನಮ್ಮ ಹುಡುಗೀದು ಯಾಕ ಐತ್ರಿ?"

ಈಗಲೂ ಮೂರು ಕೊನೆಗಳ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳ ಕತೆಯ ಕೊನೆಗೆ ಮಾತ್ರ ನನ್ನ ಪೆನ್ನು ತಾಗಿಸುವುದಿಲ್ಲ. ಒಳ್ಳೆಯ ನಿಯಮ. ಅದೂ ಮರುದಿನ ಬೆಳಿಗ್ಗೆಯೇ ಬಂತು.