ಎರಡನೆಯ ಮಗುವಿನ ಸಾಲು

ಪರ್ಕಳದ ಬಸ್ ನಿಲ್ದಾಣದ ಎದುರಿನ ಸೈಬರ್ ಅಂಗಡಿ ನನ್ನದು. ನಾನು, ಕುಶಲಕ್ಕ, ಸಿಡುಕಿ ಎಂದು ಊರಿಗೇ ಗೊತ್ತು. ಕಂಡಕಂಡಲ್ಲಿ ‘ಕಡ್ಡಾಯ’ ಎಂದು ಕೆಂಪಾಗುವ ಆನ್‌ಲೈನ್ ಅರ್ಜಿಗಳ ಜೊತೆ ದಿನವಿಡೀ ಗುದ್ದಾಡುವವಳಿಗೆ ಸಿಟ್ಟು ಬಾರದೆ ಇನ್ನೇನು ಬಂದೀತು? ಆದರೆ ಅಂಬವ್ವನ ಮೇಲೆ ಮಾತ್ರ ನನಗೆ ಸಿಡುಕಲು ಆಗುವುದಿಲ್ಲ.

ಅವಳು ಬಾದಾಮಿ ಕಡೆಯವಳು. ಗಂಡ ರೇವಪ್ಪನ ಜೊತೆ ಮಣಿಪಾಲದ ಕಟ್ಟಡಗಳಿಗೆ ಜಲ್ಲಿ, ಸಿಮೆಂಟು ಹೊತ್ತೇ ಅರ್ಧ ಆಯುಷ್ಯ ಕಳೆದಳು. ಮಕ್ಕಳೆಷ್ಟು ಎಂದು ಯಾರು ಕೇಳಿದರೂ “ಎರಡು ರಿ” ಎನ್ನುತ್ತಾಳೆ. ದೊಡ್ಡವಳು ಅನ್ನಪೂರ್ಣ. ಚಿಕ್ಕವನು ಬೀರಪ್ಪ, ನಡೆಯಲು ಕಲಿತ ವರ್ಷವೇ ಕೆಲಸದ ಜಾಗದ ನೀರಿನ ತೊಟ್ಟಿಗೆ ಬಿದ್ದು ತೀರಿಕೊಂಡ. ಅವನಿಗೆ ಜನನ ಪತ್ರವಿಲ್ಲ, ಆಧಾರ್ ಇಲ್ಲ, ಒಂದು ಫೋಟೋ ಕೂಡ ಇಲ್ಲ. ನಾಗರ ಪಂಚಮಿ ಬಂತೆಂದರೆ ಅವಳು ತಮ್ಮೂರಿನ ಪದ್ಧತಿಯಂತೆ ಎರಡು ದೊಡ್ಡ ಸಿಹಿ ಉಂಡಿ ಕಟ್ಟುತ್ತಾಳೆ. ಒಂದು ಮಗಳಿಗೆ. ಇನ್ನೊಂದನ್ನು ಬೀರಪ್ಪನ ಹೆಸರಿನಲ್ಲಿ ಎತ್ತಿಟ್ಟು ಮರುದಿನ ದನಕ್ಕೆ ಹಾಕುತ್ತಾಳೆ.

ಈ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಬಂದಳು. ಕೂಲಿಯವರ ಮಕ್ಕಳಿಗೆಂದು ಕಾರ್ಕಳದಲ್ಲಿರುವ ವಸತಿ ಶಾಲೆಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಸೀಟು ತಪ್ಪಿದರೆ ಹುಡುಗಿಯೂ ತಾಯಿಯ ಹಾಗೆ ಜಲ್ಲಿಯ ಬಾಂಡ್ಲಿ ಹೊರಬೇಕು.

ಮಕ್ಕಳ ಸಂಖ್ಯೆ ಎರಡು ಎಂದು ಹಾಕಿದ್ದೇ ತಡ, ಕೆಳಗೆ ಎರಡನೆಯ ಮಗುವಿಗೆಂದು ಒಂದು ಸಾಲು ತೆರೆಯಿತು. ಹೆಸರಿನ ಜಾಗದಲ್ಲಿ ಬೀರಪ್ಪ ಎಂದು ಟೈಪ್ ಮಾಡಿದೆ. ಅನ್ನಪೂರ್ಣ ಅದನ್ನು ಓದಿ ಹೇಳಿದಳು. ಅಂಬವ್ವ ಬಗ್ಗಿ ನೋಡಿದಳು, ಬೆರಳಿನಿಂದ ಪರದೆ ಮುಟ್ಟಿದಳು. ಮುಂದಿನದು ಆಧಾರ್. ಸೊನ್ನೆ ತುಂಬಿದೆ, ಚುಕ್ಕೆ ಇಟ್ಟೆ. ನಮ್ಮ ಕಸುಬಿನ ಹಳೆಯ ಕಳ್ಳದಾರಿಗಳು. ಯಾವುದೂ ನಡೆಯಲಿಲ್ಲ. ಎರಡು ಎಂದರೆ ಎರಡನೆಯದರ ಆಧಾರ್ ಕೊಡಲೇಬೇಕು, ಒಂದು ಎಂದರೆ ಕೇಳುವುದೇ ಇಲ್ಲ. ಈ ನಿಯಮ ಬರೆದ ಪುಣ್ಯಾತ್ಮನಿಗೆ ಹೆತ್ತವಳ ಸಂಕಟ ಎಲ್ಲಿ ಗೊತ್ತು?

“ಒಂದು ಅಂತ ಹಾಕ್ತೇನೆ ಮಾರಾಯ್ತಿ. ಬೇರೆ ದಾರಿ ಇಲ್ಲ,” ಎಂದೆ.

“ಹಡದಾಕಿ ನಾನು. ಒಂದು ಅಂತ ಹ್ಯಾಂಗ ಅನ್ಲಿ ಅಕ್ಕಾರ?”

ಮಗಳು ನೆಲ ನೋಡುತ್ತಿದ್ದಳು. ಅಂಬವ್ವ ಅವಳ ತಲೆ ಸವರಿದಳು. “ಇದ್ದಾಕೀಗರ ದಾರಿ ಆಗ್ಲಿ. ಒಂದು ಮಾಡ್ರಿ,” ಎಂದಳು.

ಮಾಡಿದೆ. ಬೀರಪ್ಪನ ಸಾಲು ಮಾಯವಾಯಿತು.

“ಅವನ ಹೆಸರು ಎಲ್ಲಿ ಹೋತ್ರಿ?”

“ಒಳಗೇ ಉಂಟು, ನೋಡು,” ಎಂದು ಸಮಾಧಾನಕ್ಕೆ ಮತ್ತೆ ಎರಡು ಒತ್ತಿದೆ. ಸಾಲು ಬಂತು. ಹೆಸರು ಬರಲಿಲ್ಲ. ಅಂಬವ್ವನಿಗೆ ಓದು ಬಾರದು, ಆದರೆ ಖಾಲಿ ಜಾಗ ತಿಳಿಯಲು ಅಕ್ಷರ ಬೇಕಿಲ್ಲ. ಅವಳ ಮುಖ ನೋಡದೆ ಒಂದು ಎಂದು ಹಾಕಿ ಅರ್ಜಿ ಕಳುಹಿಸಿದೆ.

ಸೀಟು ಸಿಕ್ಕಿತು. ಅನ್ನಪೂರ್ಣ ಕಾರ್ಕಳಕ್ಕೆ ಹೋದಳು. ಪಂಚಮಿಯ ದಿನ ಅಂಬವ್ವ ಬಂದು ಒಂದು ದೊಡ್ಡ ಉಂಡಿಯನ್ನು ಕೀಬೋರ್ಡಿನ ಪಕ್ಕ ಇಟ್ಟಳು.

“ಮಗಳಿಗೆ ಕೊಡ್ಲಿಲ್ವಾ?”

“ಆಕೀದು ಆಕೀಗೆ ಮುಟ್ಟಿಸಿ ಬಂದೀನ್ರಿ. ಇದು ಬೀರಪ್ಪಂದು. ಅವನ ಹೆಸರು ಬರೆದಾಕಿ ನೀವೊಬ್ಬಾಕೀನ. ತಿನ್ರಿ ಅಕ್ಕಾರ.”

ಉಂಡಿ ಮುರಿದು ಬಾಯಿಗಿಟ್ಟೆ. ಚೂರೂ ಉಳಿಯದೆ ಮುಗಿಯುವವರೆಗೆ ಅವಳು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.