ಸಣ್ಣ ಪುಲ್ಲಿಯ ದೊಡ್ಡ ವೇಗ

ಮುಂಬೈಯಿಂದ ರಜೆಗೆ ಊರಿಗೆ ಬಂದ ಹೋಟೆಲ್ ಧಣಿಗೆ ಕಾರಿನ ವೇಗ ಸಾಲುತ್ತಿರಲಿಲ್ಲ. ಇಂಜಿನ್ನಿಗೆ ಗಾಳಿ ತುರುಕುವ ಸೂಪರ್‌ಚಾರ್ಜರಿಗೆ ಸಣ್ಣ ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಚಕ್ರ, ಹಾಕಿದರೆ ಕಾರು ಹಾರುತ್ತದಂತೆ. ತೆಕ್ಕಟ್ಟೆಯ ನನ್ನ ಗ್ಯಾರೇಜಿನಲ್ಲಿ ಹಳೇ ಪುಲ್ಲಿಯನ್ನು ಪುಲ್ಲರ್ ಹಾಕಿ ಕೀಳುವಷ್ಟರಲ್ಲಿ ನನ್ನ ಸೊಂಟದ ನಟ್ಟೇ ಸಡಿಲವಾಯಿತು. ಹೊಸದನ್ನು ಕಾಯಿಸಿ ಕೂರಿಸಿ, ಬೆಲ್ಟ್ ಏರಿಸಿ, ಕುಂದಾಪುರದವರೆಗೆ ಟ್ರಯಲ್ಲಿಗೆ ಹೊರಟೆವು. ಹೊರಟದ್ದೇ ಸ್ಕೂಟರಿನಲ್ಲಿ ಹೋಗುತ್ತಿದ್ದ ಮೀನಿನವನನ್ನು ಹಿಂದೆ ಹಾಕಿದೆವು.

"ಕಂಡ್ಯಾ ಮಾರಾಯ!" ಎಂದರು ಧಣಿ.

"ಹ್ವಾಯ್! ಯಾವಾಗ ಬಂದದ್ದ್? ಯಾವಾಗ ಹೋಪ್ದ್?" ಎಂದು ರಸ್ತೆ ಬದಿಯಿಂದ ಯಾರೋ ಕೂಗಿದರು. ಮುಂಬೈಯವರು ಈ ಪ್ರಶ್ನೆಗೆ ಕಾರು ನಿಲ್ಲಿಸದಿದ್ದರೆ ಊರಲ್ಲಿ ಅದಕ್ಕೆ ಅಹಂಕಾರ ಅನ್ನುತ್ತಾರೆ. ನಮ್ಮ ಧಣಿಗೆ ಅಹಂಕಾರ ಎಲ್ಲಿಯದು! ಪ್ರತಿ ಅಂಗಡಿಯೆದುರೂ ಅದೇ ಪ್ರಶ್ನೆ; ಪ್ರತಿ ಸಲವೂ ನಿಲ್ಲಿಸಿ ಉತ್ತರ ಕೊಟ್ಟರು.

ನಾವು ಕುಂದಾಪುರ ಮುಟ್ಟುವಾಗ ಅದೇ ಮೀನಿನವನು ಪೆಟ್ಟಿಗೆ ಖಾಲಿ ಮಾಡಿಕೊಂಡು ಎದುರಿನಿಂದ ವಾಪಸು ಬರುತ್ತಿದ್ದ.

ಧಣಿ ಅವನನ್ನೇ ನೋಡಿ, ಆಮೇಲೆ ನನ್ನತ್ತ ತಿರುಗಿ ಕೇಳಿದರು: "ಇದ್ಕಿಂತ ಸಣ್ಣ ಪುಲ್ಲಿ ಸಿಕ್ಕತ್ತಾ?"